ನಸುಕಿನ ನಾಲ್ಕೂಕಾಲಿಗೇ ಏಳುವ ನಾಯಿಮರಿ: ಅನುಭವವಿದ್ದವರು ದಯವಿಟ್ಟು ತಿಳಿಸಿ

ಬನಶಂಕರಿ, ಬೆಂಗಳೂರು (ಪ್ರಶ್ನೆ ಕೇಳಿದವರು):
ನಮ್ಮ ಮನೆಗೆ ಲ್ಯಾಬ್ರಡಾರ್ ಮರಿ ಬಂದು ಹದಿನಾರು ದಿನಗಳಾದವು. ಇಂದಿಗೆ ಅದಕ್ಕೆ ಸರಿಯಾಗಿ ಹತ್ತು ವಾರ. ರಾತ್ರಿ ಹನ್ನೊಂದಕ್ಕೆ ಬಾಲ್ಕನಿಯಲ್ಲಿ ಮೂತ್ರ ಮಾಡಿಸಿ ಹಜಾರದಲ್ಲಿ ಮಲಗಿಸುತ್ತೇವೆ. ನಾಲ್ಕೂಕಾಲಿಗೆ ಗಡಿಯಾರ ನೋಡಿಕೊಂಡಂತೆ ಕುಂಯ್‌ಗುಟ್ಟಲು ಆರಂಭಿಸುತ್ತದೆ. ಬಾಲ್ಕನಿಗೆ ಒಯ್ದರೆ ಮೂತ್ರ ಮಾಡುತ್ತದೆ, ಆದರೆ ಅನಂತರ ಮಲಗುವುದಿಲ್ಲ. ಕಾಲು ಕಚ್ಚುತ್ತದೆ, ಸೆರಗು ಹಿಡಿದು ಎಳೆಯುತ್ತದೆ. ಅತ್ತೆಯವರಿಗೆ ರಕ್ತದೊತ್ತಡವಿದೆ, ಕೆಳಗಿನ ಮನೆಯವರು ಎರಡು ಸಲ ಬಂದು ಹೇಳಿ ಹೋಗಿದ್ದಾರೆ, ಏಳು ಗಂಟೆಗೆ ನಾನು ಕೆಲಸಕ್ಕೆ ಹೊರಡಬೇಕು. ಅದು ಅತ್ತರೂ ಸುಮ್ಮನಿರಬೇಕೇ, ಎದ್ದು ಹೋಗಬೇಕೇ?

ಕುವೆಂಪುನಗರ, ಮೈಸೂರು:
ಸುಮ್ಮನಿರಬೇಡಿ. ನಾನು ಸುಮ್ಮನಿದ್ದು ನೊಂದವಳು. ನಮ್ಮ ಬೀಗಲ್ ಮರಿಯೂ ಹೀಗೆಯೇ ಮೂರಕ್ಕೆ, ಮೂರೂವರೆಗೆ, ಮತ್ತೆ ಐದಕ್ಕೆ ಏಳುತ್ತಿತ್ತು. ಪರಿಚಯದವರೊಬ್ಬರು ಅದು ಅತ್ತು ಅತ್ತು ತಾನೇ ಮಲಗುತ್ತದೆ, ಎತ್ತಿಕೊಂಡರೆ ಅಭ್ಯಾಸ ಕೆಡುತ್ತದೆ ಎಂದರು; ಅದನ್ನು ನಂಬಿ ಹನ್ನೊಂದು ರಾತ್ರಿ ದಿಂಬಿನಿಂದ ಕಿವಿ ಮುಚ್ಚಿಕೊಂಡು ಮಲಗಿದೆ. ಹನ್ನೆರಡನೆಯ ಬೆಳಿಗ್ಗೆ ಅದರ ಹಾಸಿಗೆಯ ಮೇಲೆ ನಸುಗೆಂಪು ಕಲೆ ಕಂಡಿತು. ಮೂತ್ರಕೋಶದ ಸೋಂಕು. ಕುಳಿತು ಎರಡು ಹನಿ ಬಿಡುವುದು, ನಾಲ್ಕು ಹೆಜ್ಜೆ ನಡೆದು ಮತ್ತೆ ಕುಳಿತುಕೊಳ್ಳುವುದು, ಇದನ್ನೆಲ್ಲ ಹಗಲಿನಲ್ಲಿ ಕಣ್ಣಾರೆ ಕಂಡಿದ್ದರೂ ನನಗೆ ಹೊಳೆದಿರಲಿಲ್ಲ. ವೈದ್ಯರ ಶುಲ್ಕ 400, ಮೂತ್ರ ಪರೀಕ್ಷೆಗೆ ಎರಡು ಸಲ 650ರಂತೆ 1,300, ಹೊಟ್ಟೆಯ ಸ್ಕ್ಯಾನಿಂಗ್ 1,800, ಹದಿನಾಲ್ಕು ದಿನದ ಮಾತ್ರೆ 1,120, ಆಟೋಗೆ ಆರು ಸಲ 140ರಂತೆ 840, ಒಟ್ಟು 5,460 ರೂಪಾಯಿ. ಔಷಧ ಶುರುವಾದ ಐದನೆಯ ರಾತ್ರಿ ಅದು ಬೆಳಗಿನ ಐದೂವರೆಯವರೆಗೆ ಮಲಗಿತು. ಆ ಹನ್ನೊಂದು ರಾತ್ರಿಗಳ ಅಳು ಇಂದಿಗೂ ನನ್ನ ಕಿವಿಯಲ್ಲಿದೆ.

ವಿದ್ಯಾನಗರ, ಹುಬ್ಬಳ್ಳಿ:
ಮೇಲಿನ ಸಹೋದರಿಯವರ ನೋವು ಅರ್ಥವಾಗುತ್ತದೆ. ಆದರೆ ಕಾಯಿಲೆಯ ಮರಿಯ ಕಥೆ ಹೇಳಿ ಆರೋಗ್ಯವಾಗಿರುವ ಮರಿಯ ಮನೆಯವರನ್ನು ಹೆದರಿಸುವುದು ಸರಿಯಲ್ಲ. ನಮ್ಮ ಜರ್ಮನ್ ಶೆಫರ್ಡ್ ಮರಿಯನ್ನು ನಾನು ಬಾಗಿಲಿರುವ ಕಂಬಿಯ ಗೂಡಿನಲ್ಲಿ, ಅಂದರೆ ಕ್ರೇಟ್‌ನಲ್ಲಿಯೇ ಬೆಳೆಸಿದೆ, ದಿನದಿನದ ಲೆಕ್ಕವನ್ನು ದಿನಚರಿಯಲ್ಲಿ ಬರೆದಿಟ್ಟಿದ್ದೇನೆ. ದೊಡ್ಡದಾದಾಗಲೂ ಆಗಲಿ ಎಂದು 5,200 ರೂಪಾಯಿ ಕೊಟ್ಟು 42 ಇಂಚಿನದನ್ನು ತಂದದ್ದು ಮೊದಲ ತಪ್ಪು: ಮರಿ ಒಂದು ಮೂಲೆಯಲ್ಲಿ ಮೂತ್ರ ಮಾಡಿ ಇನ್ನೊಂದು ಮೂಲೆಯಲ್ಲಿ ನೆಮ್ಮದಿಯಾಗಿ ಮಲಗತೊಡಗಿತು. ಬಡಗಿಯಿಂದ 350 ರೂಪಾಯಿಗೆ ಪ್ಲೈವುಡ್ ಹಲಗೆ ಕೊಯ್ಯಿಸಿ ಅರ್ಧಕ್ಕೆ ಅಡ್ಡ ಇರಿಸಿದ ಮೇಲೆ, ಮಲಗುವ ಜಾಗವನ್ನು ಕೆಡಿಸಲಾರದೆ ತಡೆದುಕೊಳ್ಳಲು ಕಲಿಯಿತು. ಅದು ನಾಲ್ಕಕ್ಕೆ ಏಳುತ್ತಿತ್ತು. ನಾನು ಅದಕ್ಕಿಂತ ಮೊದಲೇ, 3.45ಕ್ಕೆ, ಅಲಾರಾಂ ಇಟ್ಟುಕೊಂಡು ಎದ್ದೆ. ದೀಪ ಹಾಕದೆ, ಒಂದು ಮಾತೂ ಆಡದೆ, ಹೊರಗೆ ಒಯ್ದು ತಂದು ಮತ್ತೆ ಒಳಗೆ ಬಿಟ್ಟೆ. ಮೂರು ದಿನಕ್ಕೊಮ್ಮೆ ಹದಿನೈದು ನಿಮಿಷ ಮುಂದೆ ಹಾಕುತ್ತ ಹನ್ನೆರಡನೆಯ ದಿನ 4.30ಕ್ಕೆ ಬಂದಿದ್ದೆ. ಹದಿಮೂರನೆಯ ದಿನ ಪುಣೆಯಿಂದ ಮಗ ಬಂದ. ಎರಡು ಬೆಳಿಗ್ಗೆ ಅದರ ಜೊತೆ ಆಡಿ ಬಿಸ್ಕತ್ತು ಹಾಕಿದ. ಮತ್ತೆ ನಾಲ್ಕು ಗಂಟೆಯಿಂದಲೇ ಆರಂಭಿಸಬೇಕಾಯಿತು. 38ನೆಯ ದಿನ 5.45 ತಲುಪಿದೆವು, ಅಂದಿನಿಂದ ಇಂದಿನವರೆಗೆ ಅದೇ ಸಮಯ.

ತೀರ್ಥಹಳ್ಳಿ:
ಮರಿಯನ್ನು ಪಂಜರದಲ್ಲಿ ಕೂಡಿ ಅದಕ್ಕೆ ದಿನಚರಿ ಬರೆಯುವ ಕಾಲ ಬಂತೆಂದು ಓದಿ ಮನಸ್ಸು ಕಲಕಿತು. ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ನಾಯಿಗಳಿವೆ. ಕೊಟ್ಟಿಗೆಯ ಮೂಲೆಯಲ್ಲಿ ಗೋಣಿಚೀಲ ಹಾಸಿದರೆ ಅದೇ ಅವುಗಳ ಜಾಗ. ಅಡಿಕೆ ಸುಗ್ಗಿಯಲ್ಲಿ ನಾವೇ ನಾಲ್ಕಕ್ಕೆ ಏಳುವುದರಿಂದ ಮರಿ ಬೇಗ ಏಳುತ್ತದೆಂಬ ದೂರು ನಮ್ಮಲ್ಲಿ ಯಾರ ಬಾಯಲ್ಲೂ ಬಂದದ್ದಿಲ್ಲ. 2019ರಲ್ಲಿ ಮೂರು ತಿಂಗಳ ಮರಿಯೊಂದನ್ನು ಚಿರತೆ ಕೊಟ್ಟಿಗೆಯಿಂದಲೇ ಒಯ್ದಿತು. ಅಂದು ಅದು ಕುಂಯ್‌ಗುಟ್ಟಿದ್ದು ಕೇಳಿತ್ತು, ಎಂದಿನ ಅಳುವೆಂದು ನಾನು ಏಳಲಿಲ್ಲ. ಮುಂದಿನ ಮರಿಯನ್ನು ಒಳಗೆ ಅಮ್ಮನ ಚಾಪೆಯ ಪಕ್ಕದಲ್ಲಿ ಮಲಗಿಸಿದೆವು. ಅದು ಮುಲುಗಿದಾಗ ಅಮ್ಮ ನಿದ್ದೆಗಣ್ಣಿನಲ್ಲೇ ಬೆನ್ನ ಮೇಲೆ ಕೈ ಇಡುತ್ತಿದ್ದರು, ಅಷ್ಟಕ್ಕೇ ಮಲಗುತ್ತಿತ್ತು. ಒಡಹುಟ್ಟಿದವುಗಳ ಮೈಬಿಸಿಯಲ್ಲಿ ಒತ್ತೊತ್ತಾಗಿ ಮಲಗಿದ್ದ ಜೀವವನ್ನು ತಂದು ಒಂಟಿಯಾಗಿ ತಣ್ಣನೆಯ ನೆಲದ ಮೇಲೆ ಬಿಟ್ಟರೆ ಅಳದೆ ಇನ್ನೇನು ಮಾಡೀತು?

ವಿದ್ಯಾನಗರ, ಹುಬ್ಬಳ್ಳಿ:
ಬಾಗಿಲಿಲ್ಲದ ಕೊಟ್ಟಿಗೆಯಲ್ಲಿ ಮರಿಯನ್ನು ಬಿಟ್ಟು ಕಳೆದುಕೊಂಡವರು ನನ್ನ ಕ್ರೇಟನ್ನು ಪಂಜರವೆಂದು ಕರೆಯಬಾರದು. ನನ್ನ ನಾಯಿಗೆ ಈಗ ಆರು ವರ್ಷ. ಕ್ರೇಟ್‌ನ ಬಾಗಿಲು ಹಗಲಿಡೀ ತೆರೆದೇ ಇರುತ್ತದೆ, ದೀಪಾವಳಿಯ ಪಟಾಕಿಗೆ ಹೆದರಿದಾಗ ಅದು ತಾನಾಗಿ ಓಡಿ ಹೋಗಿ ಕೂರುವುದೂ ಅಲ್ಲಿಯೇ.

ತೀರ್ಥಹಳ್ಳಿ:
ಆ ಮರಿಯ ಸಾವನ್ನು ವಾದಕ್ಕೆ ಬಳಸಬೇಡಿ ಸ್ವಾಮಿ. ನಮ್ಮ ಕೊಟ್ಟಿಗೆಗೆ ಬಾಗಿಲಿತ್ತು, ಕೆಳಗಿನ ಹಲಗೆ ಗೆದ್ದಲು ಹಿಡಿದಿತ್ತು. ಆ ಹಲಗೆಯನ್ನು ಬದಲಿಸಲು ಮೂರು ವಾರ ತಡಮಾಡಿದ್ದು ನನಗೆ ಗೊತ್ತು, ನೀವು ನೆನಪಿಸುವ ಅಗತ್ಯವಿಲ್ಲ.

ಯಲಹಂಕ, ಬೆಂಗಳೂರು:
ನೀವಿಬ್ಬರೂ ಜಗಳವಾಡುತ್ತಿದ್ದೀರಿ, ಪ್ರಶ್ನೆಯಲ್ಲಿರುವ ಲೆಕ್ಕವನ್ನು ಯಾರೂ ನೋಡಲಿಲ್ಲ. ಹತ್ತು ವಾರವೆಂದರೆ 70 ದಿನ, ಅದರಲ್ಲಿ ನಿಮ್ಮ ಮನೆಯಲ್ಲಿ ಕಳೆದ ಹದಿನಾರು ದಿನ ತೆಗೆದರೆ, ಮನೆಗೆ ಬಂದಾಗ ಅದಕ್ಕೆ 54 ದಿನ. ಎಂಟು ವಾರ ತುಂಬಲು 56 ದಿನ ಬೇಕು. ನಾಯಿ ಸಾಕಣೆ ಮತ್ತು ಮಾರಾಟದ ಕುರಿತ 2017ರ ಕೇಂದ್ರ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಎರಡೇ ದಿನದ ವ್ಯತ್ಯಾಸವೆನ್ನಬೇಡಿ. ಎರಡು ದಿನವೆಂದು ಒಪ್ಪಿಕೊಳ್ಳುವವರು ಎರಡು ವಾರವನ್ನೂ ಮುಚ್ಚಿಡುತ್ತಾರೆ. ಕೆರೆಯ ಏರಿಯ ಮೇಲೆ ಮಳೆಯಲ್ಲಿ ಸಿಕ್ಕ ಎರಡು ನಾಟಿ ಮರಿಗಳನ್ನು ನಾನು ಮನೆಗೆ ತಂದೆ. ಒಂದು ಪಾರ್ವೊ ಎಂಬ ವೈರಾಣು ರೋಗ ತಗುಲಿ ನಾಲ್ಕು ದಿನ ಡ್ರಿಪ್‌ನಲ್ಲಿದ್ದು ತೀರಿಕೊಂಡಿತು, ದಿನಕ್ಕೆ 1,700ರಂತೆ 6,800 ರೂಪಾಯಿ ಆಯಿತು. ಉಳಿದದ್ದು ಒಂಟಿಯಾದ ರಾತ್ರಿಯಿಂದ ಎರಡು ತಿಂಗಳು ಮೂರೂವರೆಗೆ ಎದ್ದು ತನ್ನ ಜೊತೆಯ ಮರಿ ಮಲಗುತ್ತಿದ್ದ ಚೀಲವನ್ನು ಮೂಸುತ್ತಿತ್ತು. ಇಂಥ ಮರಿಗಳು ಬೀದಿಬೀದಿಯಲ್ಲಿ ಇರುವಾಗ ಹಣ ಕೊಟ್ಟು ತರುವುದೇಕೆಂದು ನಾನು ಕೇಳಲೇಬೇಕು.

ಬಾಗಲಕೋಟೆ:
ಹಣ ಕೊಟ್ಟು ತಂದವರೆಲ್ಲ ತಪ್ಪಿತಸ್ಥರೆಂಬ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮದು ಮುಧೋಳ ತಳಿ. ಸಾಕುವವರು ದುಡ್ಡು ಕೊಟ್ಟು ಕೊಳ್ಳದಿದ್ದರೆ ಈ ಭಾಗದ ರೈತ ಕುಟುಂಬಗಳು ಈ ತಳಿಯನ್ನು ಉಳಿಸಿಕೊಂಡು ಬರುತ್ತಿರಲಿಲ್ಲ. ಅದಕ್ಕಾಗಿಯೇ ಮುಧೋಳದ ಸಮೀಪ ತಿಮ್ಮಾಪುರದಲ್ಲಿ ಸಂಶೋಧನಾ ಕೇಂದ್ರವಿದೆ, ಸೇನೆಯವರೂ ಇಲ್ಲಿನ ಮರಿಗಳನ್ನು ತರಬೇತಿಗೆಂದು ಮೀರತ್‌ಗೆ ಒಯ್ದಿದ್ದಾರೆ. ಇನ್ನು ನಿದ್ದೆಯ ಮಾತು. ದಣಿದರೆ ಹೆಚ್ಚು ಮಲಗುತ್ತದೆಂದು ನಮ್ಮ ಮರಿಯನ್ನು ರಾತ್ರಿ ಹತ್ತರವರೆಗೆ ಅಂಗಳದಲ್ಲಿ ಓಡಿಸಿ, ಹತ್ತೂಕಾಲಿಗೆ ಎಮ್ಮೆ ಹಾಲು ಹಾಕಿದ ಅನ್ನ ಉಣಿಸುತ್ತಿದ್ದೆ. ಅದು ನಾಲ್ಕರ ಬದಲು ಮೂರಕ್ಕೇ ಏಳತೊಡಗಿತು, ಜೊತೆಗೆ ಭೇದಿ. ಎರಡು ಕೌದಿ ಹಾಳಾದವು, ಒಂದು ನಮ್ಮವ್ವ ಕೈಯಾರೆ ಹೊಲಿದದ್ದು. ಹಾಲು ಅದಕ್ಕೆ ಅರಗುತ್ತಿರಲಿಲ್ಲ. ಹಾಲನ್ನು ಪೂರ್ತಿ ಬಿಟ್ಟು, ಕೊನೆಯ ಊಟವನ್ನು ಏಳು ಗಂಟೆಗೆ ತಂದು, ಒಂಬತ್ತರ ಅನಂತರ ಆಟ ನಿಲ್ಲಿಸಿದೆ. ಅತಿಯಾಗಿ ದಣಿದ ಮರಿ ಹಟಮಾಡುವ ಕೂಸಿನಂತೆ, ಕಚ್ಚುತ್ತದೆಯೇ ಹೊರತು ಮಲಗುವುದಿಲ್ಲ.

ಯಲಹಂಕ, ಬೆಂಗಳೂರು:
ತಳಿ ಉಳಿಸುವ ರೈತರ ಬಗ್ಗೆ ನಾನು ಮಾತನಾಡಲಿಲ್ಲ. ವಯಸ್ಸು ಮುಚ್ಚಿಟ್ಟು ಮಾರುವವರ ಬಗ್ಗೆ ಹೇಳಿದೆ, ಅದಕ್ಕೆ ತಮ್ಮಿಂದ ಉತ್ತರ ಬರಲಿಲ್ಲ.

ಬನಶಂಕರಿ, ಬೆಂಗಳೂರು:
ಮಾರಿದವರು ಎರಡು ತಿಂಗಳು ತುಂಬಿದೆ ಎಂದೇ ಹೇಳಿದ್ದರು. ಲಸಿಕೆಯ ಪುಸ್ತಕದಲ್ಲಿರುವ ಹುಟ್ಟಿದ ದಿನಾಂಕವನ್ನು ನಾನು ಆಗ ನೋಡಲಿಲ್ಲ, ಅದು ನನ್ನ ತಪ್ಪು. ಇನ್ನೊಂದು ವಿಷಯ ಇಂದು ತಿಳಿಯಿತು. ಕೆಳಗಿನವರಿಗೆ ಸದ್ದು ಕೇಳಬಾರದೆಂದು, ನಾನು ಸ್ನಾನಕ್ಕೆ ಹೋದಾಗ ಅತ್ತೆಯವರು ದಿನವೂ ನಾಲ್ಕೂವರೆಗೆ ಅದಕ್ಕೆ ಹಾಲಿನಲ್ಲಿ ನೆನೆಸಿದ ಬಿಸ್ಕತ್ತು ಕೊಡುತ್ತಿದ್ದಾರೆ.

ವಿದ್ಯಾನಗರ, ಹುಬ್ಬಳ್ಳಿ:
ಅಲ್ಲಿಗೆ ಕಾರಣ ಸಿಕ್ಕಿತು. ನನ್ನ ಮಗ ಮಾಡಿದ್ದೂ ಇದೇ. ವಯಸ್ಸಿನ ಪ್ರತಿ ತಿಂಗಳಿಗೆ ಒಂದು ಗಂಟೆ, ಅದರ ಮೇಲೆ ಇನ್ನೊಂದು ಗಂಟೆ, ಮರಿ ಮೂತ್ರ ತಡೆದುಕೊಳ್ಳುವ ಸಾಮಾನ್ಯ ಅಳತೆ ಇದು. ಎರಡೂವರೆ ತಿಂಗಳೂ ತುಂಬದ ಮರಿ ಹನ್ನೊಂದರಿಂದ ನಾಲ್ಕೂಕಾಲರವರೆಗೆ ತಡೆಯುವುದೇ ದೊಡ್ಡದು, ಅದನ್ನು ಬೈಯಬೇಡಿ. ಎದ್ದು ಒಯ್ಯಿರಿ, ತನ್ನಿ, ಮಲಗಿಸಿ. ತಿನ್ನಲು ಮಾತ್ರ ಆರೂವರೆಗೆ ಮೊದಲು ಏನೂ ಬೇಡ. ರಾತ್ರಿ ಎಂಟಕ್ಕೆ ನೀರಿನ ಬಟ್ಟಲನ್ನೂ ಎತ್ತಿಬಿಡಿ.

ಕುವೆಂಪುನಗರ, ಮೈಸೂರು:
ಬಿಸ್ಕತ್ತು ನಿಲ್ಲಿಸಿ, ನೀರು ನಿಲ್ಲಿಸಬೇಡಿ. ಹುಬ್ಬಳ್ಳಿಯವರ ಈ ಒಂದು ಮಾತನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ನಾನೂ ಎಂಟಕ್ಕೇ ಬಟ್ಟಲು ಎತ್ತಿಡುತ್ತಿದ್ದೆ. ಸೋಂಕಿರುವ ಮರಿಗೆ ನೀರು ಕಡಿಮೆಯಾದರೆ ಇನ್ನಷ್ಟು ಉರಿಯುತ್ತದೆಂದು ವೈದ್ಯರು ಹೇಳಿದ ದಿನ ನಾನು ಅಲ್ಲಿಯೇ ಅತ್ತೆ. ಮರಿ ಒಂದೇ ಸಲಕ್ಕೆ ಪೂರ್ತಿ ಮೂತ್ರ ಮಾಡುತ್ತದೆಯೋ, ಹನಿಹನಿಯಾಗಿ ಮಾಡುತ್ತದೆಯೋ ನಾಳೆ ಗಮನಿಸಿ. ಹನಿಹನಿಯಾದರೆ ಬೆಳಗಿನ ಮೊದಲ ಮೂತ್ರವನ್ನೇ ತೊಳೆದು ಒಣಗಿಸಿದ ಬಟ್ಟಲಿನಲ್ಲಿ ಹಿಡಿದು, ತಡಮಾಡದೆ ಪರೀಕ್ಷೆಗೆ ತಲುಪಿಸಿ. ನಾನು ಮೊದಲ ಸಲ ಅಡುಗೆ ಕೆಲಸ ಮುಗಿಸಿ ಮಧ್ಯಾಹ್ನ ಒಯ್ದೆ. ಆ ಮಾದರಿ ಕೆಟ್ಟಿತ್ತು, 650 ರೂಪಾಯಿ ಮತ್ತೆ ಕಟ್ಟಿದೆ, ಮರಿಗೆ ಔಷಧ ಸಿಗುವುದು ಎರಡು ದಿನ ತಡವಾಯಿತು.