ಚುನಾವಣೆ, ಹೊರಗಿನ ಕೈ, ಸುಳ್ಳು ಪೋಸ್ಟು: ಫ್ಯಾಕ್ಟ್ ಚೆಕ್ಕರ್ ಸುಮಾ ಮೇಡಂ ಜೊತೆ ಪ್ರಶ್ನೋತ್ತರ

ಲತಾ: ಮೇಡಂ, ನಾನಿರುವ ಒಂದು ಫೇಸ್‌ಬುಕ್ ಪೇಜಲ್ಲಿ ದಿನಾ ಜಗಳ. ಯಾರೋ ಬೇಕಂತಲೇ ಕಿಡಿ ಹಚ್ಚುತ್ತಿದ್ದಾರೆ ಅನಿಸುತ್ತೆ. ಹೊರದೇಶದವರೂ ಹೀಗೆ ಮಾಡ್ತಾರಾ?

ಸುಮಾ: ಮಾಡಿದ್ದಾರೆ ಲತಾ. ಅಮೆರಿಕದ ಹ್ಯೂಸ್ಟನ್‌ನಲ್ಲಿ ಆದದ್ದು ನೆನೆದರೆ ನನಗೆ ಈಗಲೂ ಕಸಿವಿಸಿ. 2016ರ ಮೇ 21, ಒಂದು ಇಸ್ಲಾಮಿಕ್ ಕೇಂದ್ರದ ಮುಂದೆ ಎರಡು ಗುಂಪು ಸೇರಿದವು. ವಿರೋಧಿಸೋಕೆ ಬನ್ನಿ ಅಂತ ಕರೆದದ್ದು 'ಹಾರ್ಟ್ ಆಫ್ ಟೆಕ್ಸಾಸ್' ಅನ್ನುವ ಫೇಸ್‌ಬುಕ್ ಪೇಜು. ಉಳಿಸೋಕೆ ಬನ್ನಿ ಅಂತ ಕರೆದದ್ದು 'ಯುನೈಟೆಡ್ ಮುಸ್ಲಿಮ್ಸ್ ಆಫ್ ಅಮೆರಿಕ'. ಅದೇ ದಿನ, ಅದೇ ಜಾಗ. ಎರಡೂ ಪೇಜು ನಡೆಸುತ್ತಿದ್ದದ್ದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನ ಒಂದೇ ಸಂಸ್ಥೆ, ಇಂಟರ್ನೆಟ್ ರಿಸರ್ಚ್ ಏಜೆನ್ಸಿ! ಖರ್ಚು ಸುಮಾರು 200 ಡಾಲರ್ ಅಂತ ಆಮೇಲೆ ಅಮೆರಿಕದ ಸೆನೆಟ್ ಸಮಿತಿಯಲ್ಲಿ ಹೇಳಿದರು. ಬಂದ ಜನ ಮಾತ್ರ ನಿಜವಾದವರು, ಅವರ ಸಿಟ್ಟೂ ನಿಜ. ಅದಕ್ಕೇ ಏನು ಬರೆದಿದ್ದಾರೆ ಅನ್ನೋದಕ್ಕಿಂತ ಮೊದಲು ಯಾರು ಯಾರ ವೇಷ ಹಾಕಿಕೊಂಡು ಬರೆದಿದ್ದಾರೆ ಅಂತ ನೋಡುತ್ತೇನೆ. ಪೇಜಿನ 'ಅಬೌಟ್' ಒಳಗೆ 'ಪೇಜ್ ಟ್ರಾನ್ಸ್‌ಪರೆನ್ಸಿ' ಇರುತ್ತೆ, ತೆರೆಯಿರಿ. ಯಾವಾಗ ಶುರುವಾಯಿತು, ಎಷ್ಟು ಸಲ ಹೆಸರು ಬದಲಾಯಿತು, ನಡೆಸುವವರು ಯಾವ ದೇಶದಲ್ಲಿದ್ದಾರೆ ಅಂತ ಬಹಳ ಸಲ ಅಲ್ಲೇ ಸಿಗುತ್ತೆ. ಅಡ್ಮಿನ್ ಹೊರಗಿದ್ದಾರೆ ಅಂದಮಾತ್ರಕ್ಕೆ ಕಳ್ಳರಲ್ಲ, ಅದೂ ನೆನಪಿರಲಿ.

ಗಿರೀಶ್: ವಾಟ್ಸಾಪ್‌ನಲ್ಲಿ ಮೂರು ಟಿಕ್ ಬಂದು ಒಂದು ಕೆಂಪಾದರೆ ಸರ್ಕಾರ ನಮ್ಮ ಮೆಸೇಜ್ ಓದಿದೆ ಅಂತೆ, ನಿಜಾನಾ ಮೇಡಂ?

ಸುಮಾ: ಸುಳ್ಳು. ವಾಟ್ಸಾಪ್‌ನಲ್ಲಿ ಕೆಂಪು ಟಿಕ್ಕೇ ಇಲ್ಲ.

ಬಸವರಾಜ್: 2016ರ ಅಮೆರಿಕ ಚುನಾವಣೆ ಹೊತ್ತಿಗೆ ಫೇಸ್‌ಬುಕ್‌ನಲ್ಲಿ ರಷ್ಯಾದ ಪೋಸ್ಟು 12.6 ಕೋಟಿ ಜನ ನೋಡಿದರಂತೆ. ಅಂದರೆ ಟ್ರಂಪ್ ಗೆದ್ದದ್ದೇ ಅದರಿಂದ ಅಲ್ವಾ?

ಸುಮಾ: ಅದು 'ನೋಡಿರಬಹುದು' ಅಂತ ಫೇಸ್‌ಬುಕ್ ಕೊಟ್ಟ ಅಂದಾಜು. ನೋಡೋದು ಬೇರೆ, ವೋಟು ಬದಲಾಗೋದು ಬೇರೆ. 2018ರ ಫೆಬ್ರವರಿಯಲ್ಲಿ ಅಮೆರಿಕ ಸರ್ಕಾರ ಈ ವಿಷಯದಲ್ಲಿ ರಷ್ಯಾದ 13 ಜನ, 3 ಸಂಸ್ಥೆಗಳ ಮೇಲೆ ಆರೋಪ ಹೊರಿಸಿದಾಗಲೂ ಫಲಿತಾಂಶ ಬದಲಾಯಿತು ಅಂತ ಅದರಲ್ಲಿ ಹೇಳಿರಲಿಲ್ಲ.

ಶ್ರೀಧರ್: ಹಾಗಾದರೆ ಇಷ್ಟು ಗಲಾಟೆ ಯಾಕೆ? ರೊಮೇನಿಯಾದಲ್ಲಿ 2024ರ ಡಿಸೆಂಬರ್‌ನಲ್ಲಿ ಕೋರ್ಟು ಅಧ್ಯಕ್ಷ ಚುನಾವಣೆಯನ್ನೇ ರದ್ದು ಮಾಡಿತು. ಟಿಕ್‌ಟಾಕ್‌ನಲ್ಲಿ ಒಬ್ಬ ಅಭ್ಯರ್ಥಿ ಪರ ಮೋಸದ ಪ್ರಚಾರ ನಡೆಯಿತು ಅನ್ನೋ ನೆಪ ಹೇಳಿ ಜನರ ವೋಟು ಕಸಕ್ಕೆ ಹಾಕಿದರು.

ಬಸವರಾಜ್: ನೆಪವಲ್ಲ. ಮತ್ತೇನು, ಮೋಸ ನೋಡಿಕೊಂಡು ಸುಮ್ನೆ ಕೂರಬೇಕಿತ್ತಾ?

ಶ್ರೀಧರ್: ಇವತ್ತು ಅವರ ವೋಟು, ನಾಳೆ ನಿಮ್ಮ ಬಾಯಿ. ಯಾವುದು ಸುಳ್ಳು ಅಂತ ತೀರ್ಮಾನ ಮಾಡೋರು ಯಾರು ಸ್ವಾಮಿ?

ಬಸವರಾಜ್: ನಿಮ್ಮಂಥವರಿಂದಲೇ ಇದೆಲ್ಲ ಹರಡೋದು.

ಸುಮಾ: ಬಸವರಾಜ್, ಅವರು ಕೇಳಿದ್ದು ಸರಿಯಾದ ಪ್ರಶ್ನೆ. ನಕಲಿ ಖಾತೆ ತೆಗೆಯಿರಿ ಅಂತ ನಾನೂ ಕೇಳುತ್ತೇನೆ. ಅದನ್ನು ನಂಬಿ ಹಂಚಿದವರ ಬಾಯಿ ಮುಚ್ಚಿಸಿ ಅಂತ ಯಾವತ್ತೂ ಕೇಳಲ್ಲ.

ಫಾತಿಮಾ: ಟೆಲಿಗ್ರಾಂ ಚಾನೆಲ್ ಯಾರದು ಅಂತ ಪತ್ತೆ ಮಾಡೋದು ಹೇಗೆ?

ವಿನಯ್: ವೋಟಿಂಗ್ ಹಿಂದಿನ ದಿನ ಆಡಿಯೋ ಬಂದರೆ?

ಸುಮಾ: ಹಂಚಬೇಡಿ. ಸ್ಲೊವಾಕಿಯಾದಲ್ಲಿ 2023ರ ಸೆಪ್ಟೆಂಬರ್‌ನಲ್ಲಿ ಮತದಾನಕ್ಕೆ ಎರಡು ದಿನ ಇರುವಾಗ ಒಬ್ಬ ಅಭ್ಯರ್ಥಿಯ ನಕಲಿ ದನಿ ಹರಿಯಬಿಟ್ಟರು. ಪ್ರಚಾರ ನಿಲ್ಲಿಸಬೇಕಾದ ಹೊತ್ತು ಅದು. ಉತ್ತರ ಕೊಡೋಕೇ ಸಮಯ ಇರಬಾರದು ಅಂತಲೇ ಹೀಗೆ ಮಾಡೋದು.

ಗೀತಾ: ಕೆಂಪು ಟಿಕ್ ಬಂದರೆ ಏನು ಮಾಡಬೇಕು ಮೇಡಂ? ಹತ್ತು ಗುಂಪಿಗೆ ಕಳಿಸಿ ಅಂತ ಬಂದಿದೆ.

ಸುಮಾ: ಮೇಲೆ ಓದಿ. ಕಳಿಸಬೇಡಿ!

ಗಿರೀಶ್: ಕಳಿಸಿದರೆ ನಷ್ಟ ಏನು?

ಸುಮಾ: ನಿಮ್ಮ ಹೆಸರಲ್ಲಿ ಬಂತು ಅಂತ ಹತ್ತು ಜನ ನಂಬುತ್ತಾರೆ. ಅದೇ ನಷ್ಟ. ಇದನ್ನು ಇನ್ನೊಮ್ಮೆ ಕೇಳಿದರೆ ನಾನು ಉತ್ತರಿಸಲ್ಲ.

ಶ್ರೀಧರ್: ಬಸವರಾಜ್ ಅವರೇ, 'ನಿಮ್ಮಂಥವರು' ಅಂದರೆ ಯಾರು? ಹೇಳಿ.

ಲತಾ: ಮೇಡಂ, ತೆರೆದು ನೋಡಿದೆ. ನಾಲ್ಕು ಸಲ ಹೆಸರು ಬದಲಾಗಿದೆ. ಮೊದಲು ಬೆಕ್ಕಿನ ಫೋಟೋ ಹಾಕುವ ಪೇಜಾಗಿತ್ತು.

ಸುಮಾ: ಸ್ಕ್ರೀನ್‌ಶಾಟ್ ತೆಗೆದು ಈಗಲೇ ನನಗೆ ಕಳಿಸಿ. ಅಲ್ಲಿ ಯಾರ ಜೊತೆಗೂ ಜಗಳಕ್ಕೆ ಇಳಿಯಬೇಡಿ.