ಬೇಕಲದ ಕಡಲಿಗೆ ಯಾವ ತಿಂಗಳು ಬರಬೇಕು?

ಪ್ರಶ್ನೆ (ಧಾರವಾಡದ ಸದಸ್ಯೆ): ನಾವು ಆರು ಜನ. ಅತ್ತೆಗೆ ಎಪ್ಪತ್ತೆರಡು ವರ್ಷ, ಮಂಡಿ ನೋವು ಇದೆ. ಮಕ್ಕಳಿಗೆ ಹತ್ತು ಮತ್ತು ಐದು. ಬೇಕಲದ ಹತ್ತಿರ ಬೀಚ್ ರೆಸಾರ್ಟ್‌ನಲ್ಲಿ ಮೂರು ದಿನ ಇರಬೇಕು ಅಂತ ಬಹಳ ದಿನದ ಆಸೆ. ಜುಲೈನಲ್ಲಿ ಬಾಡಿಗೆ ತುಂಬಾ ಕಡಿಮೆ ತೋರಿಸ್ತಿದೆ. ಡಿಸೆಂಬರ್‌ನಲ್ಲಿ ಅದೇ ರೂಮು ದುಬಾರಿ. ಯಾವಾಗ ಬಂದರೆ ಒಳ್ಳೆಯದು?

ಉತ್ತರ: ನಮಸ್ಕಾರ. ನನ್ನ ಮನೆ ಕುಂಬಳೆ ಹತ್ತಿರ. ಕರ್ನಾಟಕದಿಂದ ಬರುವ ಕುಟುಂಬಗಳಿಗೆ ಕಾಸರಗೋಡು ಕರಾವಳಿಯಲ್ಲಿ ಪ್ರವಾಸದ ಏರ್ಪಾಡು ಮಾಡಿಕೊಡುವುದು ಹದಿನೆಂಟು ವರ್ಷದಿಂದ ನನ್ನ ಕೆಲಸ. ಯಾವ ತಿಂಗಳು ಅಂತ ಕೇಳಿದವರಿಗೆಲ್ಲ ನಾನು ಮೊದಲು ಒಂದು ಮಾತು ಕೇಳ್ತೇನೆ. ಕಡಲಿಗೆ ಇಳಿಯಬೇಕಾ, ಕಡಲು ನೋಡಿದರೆ ಸಾಕಾ? ಇದು ಗೊತ್ತಾದರೆ ಅರ್ಧ ಕ್ಯಾಲೆಂಡರ್ ತಾನಾಗಿಯೇ ಕಳಚಿಕೊಳ್ಳುತ್ತದೆ.

ನಿಮ್ಮ ಜೊತೆ ಐದು ವರ್ಷದ ಮಗು ಇದೆ. ಮಗು ನೀರಿಗೆ ಇಳಿಯದೆ ಸುಮ್ನೆ ಕೂರುವುದಿಲ್ಲ. ಹಾಗಾಗಿ ಜುಲೈ ಬೇಡ. ನಮ್ಮಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುತ್ತದೆ, ಧಾರವಾಡದ ನಾಲ್ಕು ಪಟ್ಟು. ಅದರಲ್ಲಿ ಐದರಲ್ಲಿ ನಾಲ್ಕು ಪಾಲು ಸುರಿಯುವುದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಜೂನ್, ಜುಲೈ ಎರಡರಲ್ಲೂ ಜಾಸ್ತಿ. ಆಗ ಬಾಡಿಗೆ ಇಳಿಯುವುದಕ್ಕೆ ಕಾರಣ ಕಡಲೇ. ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ, 52 ದಿನ, ಟ್ರಾಲಿಂಗ್ ಬೋಟ್‌ಗಳು ಕಡಲಿಗೆ ಇಳಿಯುವಂತಿಲ್ಲ. ಮೀನಿನ ಸಂತಾನ ಉಳಿಯಲಿ ಅಂತ ಮಾಡಿದ ಕಾನೂನು ಅದು. ಆದರೆ ದಡದ ಮೇಲೆ ಸಾಲಾಗಿ ನಿಂತ ಬೋಟ್‌ಗಳನ್ನು ನೋಡಿದರೆ ಕಡಲಿನ ಸ್ಥಿತಿಯೂ ಅರ್ಥವಾಗುತ್ತದೆ.

ನಿಮಗೆ ನಾನು ಹೇಳುವುದು ನವೆಂಬರ್ ಮೂರನೇ ವಾರದಿಂದ ಫೆಬ್ರವರಿ ಮಧ್ಯದವರೆಗಿನ ಕಾಲ. ಅದರಲ್ಲೂ ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರ ಬಿಡಿ. ಆಗ ಬಾಡಿಗೆ ಏರುತ್ತದೆ, ಜನವೂ ಕಿಕ್ಕಿರಿಯುತ್ತದೆ. 2022ರ ಡಿಸೆಂಬರ್‌ನಲ್ಲಿ ಬೇಕಲದಲ್ಲಿ ಬೀಚ್ ಉತ್ಸವ ಶುರುವಾದ ಮೇಲೆ ಉತ್ಸವದ ದಿನಗಳಲ್ಲಿ ರಸ್ತೆಯಲ್ಲೇ ಗಂಟೆಗಟ್ಟಲೆ ಕೂರಬೇಕಾಗುತ್ತದೆ. ಡಿಸೆಂಬರ್ ಮೊದಲ ಎರಡು ವಾರ, ಇಲ್ಲವೇ ಸಂಕ್ರಾಂತಿ ಕಳೆದ ಮೇಲಿನ ವಾರದ ನಡುವಿನ ದಿನಗಳು ನಿಮಗೆ ಸರಿ. ಬಾಡಿಗೆಯೂ ತೀರಾ ಭಾರ ಆಗುವುದಿಲ್ಲ.

ಅತ್ತೆಯವರ ಮಂಡಿಗೂ ಇದೇ ಕಾಲ ಒಳ್ಳೆಯದು. ಇದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ಹೇಳ್ತಿದ್ದೇನೆ. ಮಳೆಗಾಲದ ಅಲೆ ದಡದ ಮರಳನ್ನು ಕಚ್ಚಿ ಎಳೆದುಕೊಂಡು ಹೋಗುತ್ತದೆ. ಸೊಂಟದೆತ್ತರದ ಮೆಟ್ಟಿಲು ಕಡಿದ ಹಾಗೆ ದಡ ಕಡಿದಾಗುತ್ತದೆ. ವಯಸ್ಸಾದವರು ಅಲ್ಲಿ ಇಳಿದು ಹತ್ತಲು ಆಗುವುದೇ ಇಲ್ಲ. ಮಳೆ ಹೋದ ಮೇಲೆ ಸಣ್ಣ ಅಲೆಗಳು ಅದೇ ಮರಳನ್ನು ಮೆಲ್ಲಗೆ ತಂದು ಹಾಸುತ್ತವೆ. ಜನವರಿ ಹೊತ್ತಿಗೆ ದಡ ಅಗಲ, ಸಮತಟ್ಟು, ನೀರಿನ ಅಂಚಿನಲ್ಲಿ ಗಟ್ಟಿ.

ಆ ದಿನಗಳಲ್ಲಿ ಬೆಳಿಗ್ಗೆ ಆರೂವರೆ ಏಳಕ್ಕೆ ಅವರನ್ನು ಕರೆದುಕೊಂಡು ಹೋಗಿ. ಮೂಡುಗಾಳಿ ಬೀಸುತ್ತಿರುತ್ತದೆ, ಅಂದರೆ ನೆಲದಿಂದ ಕಡಲಿಗೆ. ನೀರು ಎಣ್ಣೆ ಸವರಿದ ಹಾಗೆ ಮಲಗಿರುತ್ತದೆ. ಅಲೆ ಪಾದದ ಹತ್ತಿರ ಬಂದು ಸಣ್ಣ ಸದ್ದು ಮಾಡಿ ಮುರಿಯುತ್ತದೆ. ಏಡಿಗಳು ರಾತ್ರಿಯಿಡೀ ತೋಡಿ ಹಾಕಿದ ಮರಳಿನ ಉಂಡೆಗಳು ದಡದ ತುಂಬ ಇರುತ್ತವೆ, ಮಕ್ಕಳಿಗೆ ಅಷ್ಟು ಸಾಕು. ಹನ್ನೊಂದರ ಮೇಲೆ ಗಾಳಿ ತಿರುಗುತ್ತದೆ, ಪಡುಗಾಳಿ ಶುರು, ಅಲೆಯೂ ಸ್ವಲ್ಪ ಏಳುತ್ತದೆ. ಹಾಗಾಗಿ ಮಕ್ಕಳ ಆಟ ಬೆಳಿಗ್ಗೆಯೇ ಇರಲಿ. ಡಿಸೆಂಬರ್‌ನಲ್ಲಿ ಸೂರ್ಯ ಆರು ಗಂಟೆ ದಾಟುತ್ತಿದ್ದಂತೆ ಮುಳುಗುತ್ತಾನೆ. ಏಳಕ್ಕೆ ಹೋಗೋಣ ಅಂತ ರೂಮಿನಲ್ಲಿ ಕುಳಿತರೆ ಸಿಗುವುದು ಕತ್ತಲೆ.

ಪ್ರಶ್ನೆ (ಬೆಂಗಳೂರಿನ ಸದಸ್ಯ): ನಾವಿಬ್ಬರೇ. ನಮಗೆ ಮಳೆಯೇ ಬೇಕು. ಜುಲೈ ಕೊನೆಯಲ್ಲಿ ನಾಲ್ಕು ದಿನ ಬರ್ತೇವೆ. ನಡುವೆ ಬಿಸಿಲು ಬಂದಾಗ ಸ್ವಲ್ಪ ಈಜಬಹುದು ಅಲ್ವಾ?

ಉತ್ತರ: ಮಳೆ ನೋಡಲು ಖಂಡಿತ ಬನ್ನಿ. ಈಜು ಬೇಡ. ಬಿಸಿಲು ಬಂದರೂ ಬೇಡ, ಮಳೆ ವಾರಗಟ್ಟಲೆ ನಿಂತಿದ್ದರೂ ಬೇಡ.

ಇದನ್ನು ನಾನು ಕಲಿತದ್ದು ಒಂದು ಸೆಪ್ಟೆಂಬರ್‌ನಲ್ಲಿ. ಈ ಕೆಲಸ ಶುರು ಮಾಡಿ ಮೂರನೇ ವರ್ಷ. ಹತ್ತು ದಿನದಿಂದ ಮಳೆ ಇರಲಿಲ್ಲ, ಆಕಾಶ ನೀಲಿ. ಬಂದ ಕುಟುಂಬಕ್ಕೆ ನಾನೇ ಹೇಳಿದೆ, ಮಳೆ ನಿಂತಿದೆ, ಕಡಲು ಶಾಂತ ಇದೆ ಅಂತ. ಅವರ ಮಗ ಹತ್ತೊಂಬತ್ತರ ಹುಡುಗ, ಈಜು ಬಲ್ಲವನು. ಎಡಕ್ಕೂ ಬಲಕ್ಕೂ ಅಲೆ ಬಿಳಿಯಾಗಿ ಒಡೆಯುತ್ತಿತ್ತು, ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ಅಲೆಯೇ ಇರಲಿಲ್ಲ. ಹುಡುಗ ಅಲ್ಲೇ ಇಳಿದ. ಮಂಡಿಮಟ್ಟ, ಸೊಂಟಮಟ್ಟ, ಆಮೇಲೆ ತಲೆ ಮಾತ್ರ. ನಾನು ದಡದಲ್ಲಿ ಅವರ ಚಪ್ಪಲಿ ಕಾಯುತ್ತಾ ನಿಂತಿದ್ದೆ. ಅವನು ಕೈ ಎತ್ತಿದಾಗ ಟಾಟಾ ಮಾಡ್ತಿದ್ದಾನೆ ಅಂದುಕೊಂಡೆ. ಬಲೆ ಒಣಗಿಸುತ್ತಿದ್ದ ಇಬ್ಬರು ಮೀನುಗಾರರು ನನ್ನನ್ನು ಕೇಳಲೂ ಇಲ್ಲ. ಬಲೆಯ ಹಗ್ಗವನ್ನು ಒಬ್ಬರು ಸೊಂಟಕ್ಕೆ ಕಟ್ಟಿಕೊಂಡು ಹಾರಿದರು, ಇನ್ನೊಬ್ಬರು ದಡದಲ್ಲಿ ಹಗ್ಗ ಹಿಡಿದರು. ಹುಡುಗ ಬದುಕಿದ. ಮರಳು ನೀರು ಕಾರುತ್ತಾ ಅವನು ಮಲಗಿದ್ದು, ಅವನ ತಾಯಿ ನನ್ನ ಮುಖ ನೋಡಿದ್ದು ಇವತ್ತಿಗೂ ಕಣ್ಣ ಮುಂದೆ ಇದೆ. ಆ ಮಾತು ಹೇಳಿದವನು ನಾನು.

ಆಮೇಲೆ ಆ ಮೀನುಗಾರರೇ ವಿವರಿಸಿದರು. ಅಲೆಗಳು ದಡಕ್ಕೆ ತಂದು ಸುರಿದ ನೀರೆಲ್ಲ ಎಲ್ಲಾದರೂ ವಾಪಸ್ ಹೋಗಲೇಬೇಕು. ಮರಳ ದಿಣ್ಣೆಗಳ ನಡುವೆ ಒಂದು ಕಾಲುವೆ ಮಾಡಿಕೊಂಡು ರಭಸದಿಂದ ಹೋಗುತ್ತದೆ. ಆ ಜಾಗ ಆಳ, ಹಾಗಾಗಿ ಅಲ್ಲಿ ಅಲೆ ಒಡೆಯುವುದಿಲ್ಲ, ನೋಡಲು ಎಲ್ಲಕ್ಕಿಂತ ಶಾಂತ. ಗೊತ್ತಿಲ್ಲದವರು ಇಳಿಯುವುದೂ ಅಲ್ಲೇ. ಸೆಳೆತಕ್ಕೆ ಸಿಕ್ಕರೆ ದಡದ ಕಡೆ ಈಜಿ ಸುಸ್ತಾಗಬಾರದು. ದಡಕ್ಕೆ ಸಮನಾಗಿ, ಪಕ್ಕಕ್ಕೆ ಈಜಿ ಅದರಿಂದ ಹೊರಗೆ ಬರಬೇಕು. ಇಡೀ ಗುಂಪಿನಲ್ಲಿ ಒಬ್ಬರಿಗೆ ಇದು ನೆನಪಿದ್ದರೂ ಸಾಕು.

ಈಗ ಮಳೆಯ ಸಂಗತಿ. ಬೇಕಲ ಕೋಟೆಯನ್ನು ಮಳೆಯಲ್ಲೇ ನೋಡಬೇಕು. ಕೆಳದಿಯ ಶಿವಪ್ಪ ನಾಯಕ 1650ರ ಸುಮಾರಿಗೆ ಕಟ್ಟಿಸಿದ ಕೋಟೆ, ಸುಮಾರು 40 ಎಕರೆ. ಬೇಸಿಗೆಯಲ್ಲಿ ಮಂಕಾಗಿ ಕಾಣುವ ಮುರಕಲ್ಲು ನೆನೆದರೆ ಕುಂಕುಮದ ಹಾಗೆ ಕೆಂಪಾಗುತ್ತದೆ, ಸುತ್ತ ಹಸಿರು, ಕೆಳಗೆ ಕಡಲು ಬಿಳಿ ನೊರೆ. ಮೆಟ್ಟಿಲುಗಳ ಮೇಲೆ ಪಾಚಿ ಇರುತ್ತದೆ, ಹಿಡಿತ ಇರುವ ಚಪ್ಪಲಿ ಹಾಕಿ. ಮಧೂರು ದೇವಸ್ಥಾನಕ್ಕೂ ಹೋಗಿ. ಜೋರು ಮಳೆಗೆ ಮಧುವಾಹಿನಿ ಹೊಳೆ ಉಕ್ಕಿ ಅಂಗಳಕ್ಕೇ ಬರುತ್ತದೆ, ಆ ದಿನ ಮಾತ್ರ ಬೇಡ. ಜುಲೈ ಮಧ್ಯದಿಂದ ತುಳು ಲೆಕ್ಕದ ಆಟಿ ತಿಂಗಳು. ಮನೆಗಳಲ್ಲಿ ಪತ್ರೊಡೆ, ಹಲಸಿನ ಬೀಜದ ಪಲ್ಯ, ಆಟಿ ಅಮಾವಾಸ್ಯೆಗೆ ಹಾಲೆ ಮರದ ತೊಗಟೆಯ ಕಷಾಯ. ಮಲಯಾಳಂ ಲೆಕ್ಕದಲ್ಲಿ ಅದೇ ಕರ್ಕಾಟಕ ಮಾಸ, ಆಯುರ್ವೇದದ ಎಣ್ಣೆ ಚಿಕಿತ್ಸೆಗೆ ಇಲ್ಲಿಯವರು ಆರಿಸಿಕೊಳ್ಳುವ ಕಾಲ.

ದಾರಿಯ ಬಗ್ಗೆ ಎಚ್ಚರ ಇರಲಿ. 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದು ಜನ ಸತ್ತರು. ಅದೇ ತಿಂಗಳ ಕೊನೆಗೆ ಘಟ್ಟದಲ್ಲಿ ಎಡಕುಮೇರಿ, ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಜಾರಿ ಬೆಂಗಳೂರು–ಮಂಗಳೂರು ರೈಲುಗಳು ನಿಂತವು. ಬೆಂಗಳೂರಿನಿಂದ ಮಂಗಳೂರು ಮೇಲೆ ಬರುವ ಕಣ್ಣೂರು ರೈಲಿಗೂ ಅದೇ ದಾರಿ. ಹಾಗಾಗಿ ರದ್ದು ಮಾಡಿದರೆ ಹಣ ವಾಪಸ್ ಕೊಡುವ ಬುಕಿಂಗ್ ಮಾತ್ರ ಮಾಡಿ, ಒಂದೆರಡು ನೂರು ಉಳಿಸಲು ಹೋಗಬೇಡಿ. ಹೊರಡುವ ಹಿಂದಿನ ದಿನ ಹವಾಮಾನ ಇಲಾಖೆಯ ಮಳೆ ಎಚ್ಚರಿಕೆಯ ಬಣ್ಣ ನೋಡಿ. ಕೆಂಪು ಅಂದರೆ ಒಂದೇ ದಿನದಲ್ಲಿ 20 ಸೆಂಟಿಮೀಟರ್‌ಗೂ ಮೇಲೆ ಮಳೆ ಆಗಬಹುದು ಅಂತ. ಅಂಥ ದಿನ ಮನೆಯಲ್ಲೇ ಇರಿ.

ಪ್ರಶ್ನೆ (ಮೈಸೂರಿನ ಶಿಕ್ಷಕಿ): ನಮಗೆ ರಜೆ ಸಿಗುವುದೇ ಏಪ್ರಿಲ್, ಮೇನಲ್ಲಿ. ಬರಲೇಬಾರದಾ?

ಉತ್ತರ: ಯಾಕೆ ಬರಬಾರದು? ಏಪ್ರಿಲ್ ಮೊದಲ ಭಾಗದಲ್ಲಿ ಬನ್ನಿ. ಮೈಸೂರಿನ ಬಿಸಿಲಿಗೂ ನಮ್ಮದಕ್ಕೂ ಡಿಗ್ರಿಯಲ್ಲಿ ದೊಡ್ಡ ವ್ಯತ್ಯಾಸ ಇಲ್ಲ, 33, 34 ಅಷ್ಟೆ. ಆದರೆ ಇಲ್ಲಿ ಬೆವರು ಒಣಗುವುದಿಲ್ಲ. ಮಧ್ಯಾಹ್ನ ಹನ್ನೊಂದರಿಂದ ನಾಲ್ಕರವರೆಗೆ ರೂಮು ಅಥವಾ ರೆಸಾರ್ಟ್‌ನ ಕೊಳ. ಬೆಳಿಗ್ಗೆ, ಸಂಜೆ ದಡ.

ಬೇಸಿಗೆಯ ಕಡಲಿಗೂ ಒಂದು ಗುಟ್ಟು ಇದೆ. ಇಲ್ಲಿ ಗಾಳಿ ಇಲ್ಲ, ಮೋಡ ಇಲ್ಲ, ಆದರೂ ಕೆಲವು ದಿನ ಅಲೆ ಇದ್ದಕ್ಕಿದ್ದಂತೆ ಉಬ್ಬಿ ದಡ ದಾಟಿ ಬರುತ್ತದೆ. ಮಲಯಾಳಂನಲ್ಲಿ ಅದಕ್ಕೆ ಕಳ್ಳಕಡಲ್ ಅಂತಾರೆ, ಕಳ್ಳನ ಹಾಗೆ ಬರುವ ಕಡಲು. ಹಿಂದೂ ಮಹಾಸಾಗರದ ತೀರಾ ದಕ್ಷಿಣದಲ್ಲಿ ಎದ್ದ ಬಿರುಗಾಳಿಯ ಅಲೆ ದಿನಗಟ್ಟಲೆ ಸಾಗಿ ಇಲ್ಲಿಗೆ ಮುಟ್ಟುವುದು ಅದು. ಮೀನುಗಾರರ ಈ ಹೆಸರನ್ನು ಯುನೆಸ್ಕೋ 2012ರಲ್ಲಿ ಒಪ್ಪಿಕೊಂಡಿತು. ಕಡಲಿನ ಮುನ್ಸೂಚನೆ ಕೊಡುವ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಮುಂಚಿತವಾಗಿಯೇ ಎಚ್ಚರಿಕೆ ಕೊಡುತ್ತದೆ, ಇಲ್ಲಿಯ ದಿನಪತ್ರಿಕೆಗಳಲ್ಲೂ ಬರುತ್ತದೆ. ಆ ದಿನ ಮರಳಿನ ಮೇಲೆ ಚಾಪೆ ಹಾಸಿ ಕೂರುವುದೂ ಬೇಡ.

ಮೇ 20 ದಾಟಿದರೆ ನಾನು ಯಾರಿಗೂ ಭರವಸೆ ಕೊಡುವುದಿಲ್ಲ. ಕೇರಳಕ್ಕೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 1, ಆದರೆ ಅದಕ್ಕೆ ಮೊದಲೇ ಕಡಲು ಕದಡುತ್ತದೆ. 2021ರ ಮೇನಲ್ಲಿ ತೌಕ್ತೆ ಚಂಡಮಾರುತ ಬಂದಾಗ ಈ ದಡದ ಮನೆಗಳೇ ಕುಸಿದವು. ನಮ್ಮ ಹಿರಿಯರ ಲೆಕ್ಕವೂ ಇದಕ್ಕೆ ಹೊಂದುತ್ತದೆ. ಪತ್ತನಾಜೆ, ಅಂದರೆ ತುಳು ಬೇಶ ತಿಂಗಳ ಹತ್ತನೇ ದಿನ, ಮೇ 24ರ ಆಚೀಚೆ. ಅವತ್ತಿಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಜಾತ್ರೆ, ಕೋಲ ಎಲ್ಲ ನಿಲ್ಲುತ್ತವೆ. ಪ್ರವಾಸವನ್ನೂ ಅದರೊಳಗೆ ಮುಗಿಸಿಕೊಳ್ಳಿ.

ಪ್ರಶ್ನೆ (ಮೈಸೂರಿನ ಇನ್ನೊಬ್ಬರು): ದಸರಾ ರಜೆ ಹೇಗೆ?

ಉತ್ತರ: ಅಕ್ಟೋಬರ್ ಬೆಳಿಗ್ಗೆಗಳು ಚೆನ್ನ. ಮಧ್ಯಾಹ್ನದ ಮೇಲೆ ತುಲಾ ಮಳೆ, ಅಂದರೆ ಹಿಂಗಾರು, ಜೊತೆಗೆ ಗುಡುಗು, ಸಿಡಿಲು. ಒಂದು ಗುಡುಗು ಕೇಳಿದ ಕೂಡಲೇ ದಡ ಬಿಟ್ಟು ಒಳಗೆ ಹೋಗಿ, ತೆಂಗಿನ ಮರದ ಕೆಳಗೆ ನಿಲ್ಲಬೇಡಿ. ಬಾಡಿಗೆ ಇನ್ನೂ ಏರಿರುವುದಿಲ್ಲ. ಬಂಗುಡೆ, ಬೂತಾಯಿ ತಾಜಾ ಸಿಗುತ್ತದೆ.

ಪ್ರಶ್ನೆ (ಶಿವಮೊಗ್ಗದ ಸದಸ್ಯ): ಬರೀ ಕಡಲು ನೋಡಿ ಬೇಸರ ಆಗಲ್ವಾ? ತೆಯ್ಯಂ ನೋಡಬೇಕು ಅಂತಿದೆ.

ಉತ್ತರ: ಹಾಗಿದ್ದರೆ ಡಿಸೆಂಬರ್‌ನಿಂದ ಮಾರ್ಚ್. ತೆಯ್ಯಂ ಅಂದರೆ ನಮ್ಮ ಭೂತ ಕೋಲದ ಹಾಗಿನ ದೈವ ಕುಣಿತ. ಅದು ಶುರುವಾಗುವುದು ಮಲಯಾಳಂ ಲೆಕ್ಕದ ತುಲಾ ಮಾಸದ ಹತ್ತಕ್ಕೆ, ಅಕ್ಟೋಬರ್ ಕೊನೆಯಲ್ಲಿ. ನೀಲೇಶ್ವರ, ಚೆರುವತ್ತೂರು ಕಡೆ ಜಾಸ್ತಿ. ಅದು ದೇವರ ಸೇವೆ, ದೂರ ನಿಂತು ಭಕ್ತಿಯಿಂದ ನೋಡಿ, ಮುಖಕ್ಕೆ ಫ್ಲ್ಯಾಶ್ ಹೊಡೆಯಬೇಡಿ. ಅಲ್ಲೇ ಕೋಟಪ್ಪುರದಿಂದ ವಲಿಯಪರಂಬ ಹಿನ್ನೀರಿನಲ್ಲಿ ದೋಣಿಮನೆ ಸಿಗುತ್ತದೆ. ನಾವು ಕನ್ನಡದವರು, ವಾಪಸ್ ಹೋಗುವಾಗ ಮಂಜೇಶ್ವರದಲ್ಲಿ ಇಳಿದು ಗೋವಿಂದ ಪೈಗಳ ಮನೆ ಗಿಳಿವಿಂಡು ನೋಡಿ ಹೋಗಿ. ಅದಕ್ಕೆ ಯಾವ ತಿಂಗಳಾದರೂ ಆದೀತು.

ಇನ್ನೊಂದು ಮಾತು. ರಂಜಾನ್ ತಿಂಗಳಲ್ಲಿ ಇಲ್ಲಿಯ ಎಷ್ಟೋ ಸಣ್ಣ ಹೋಟೆಲ್‌ಗಳು ಹಗಲು ಮುಚ್ಚಿರುತ್ತವೆ. ಅದು ಪ್ರತಿ ವರ್ಷ ಹತ್ತು ಹನ್ನೊಂದು ದಿನ ಮುಂಚೆ ಬರುತ್ತದೆ, ಕ್ಯಾಲೆಂಡರ್ ನೋಡಿಕೊಳ್ಳಿ. ಮಧ್ಯಾಹ್ನದ ಊಟ ರೆಸಾರ್ಟ್‌ನಲ್ಲೇ ಹೇಳಿ. ಸಂಜೆ ಮಾತ್ರ ತಪ್ಪದೆ ಪೇಟೆಗೆ ಹೋಗಿ, ತಿಂಡಿಗಳ ಸಾಲೇ ಸಾಲು.

ಪ್ರಶ್ನೆ (ಧಾರವಾಡದ ಸದಸ್ಯೆ, ಮತ್ತೆ): ಡಿಸೆಂಬರ್ ಎರಡನೇ ವಾರ ಅಂತ ಮನೆಯಲ್ಲಿ ಒಪ್ಪಿದರು. ರೂಮು ಹಿಡಿಯುವಾಗ ಏನು ಕೇಳಬೇಕು?

ಉತ್ತರ: ಬಹಳ ಸಂತೋಷ. ರೂಮಿನ ಎದುರು ಇರುವುದು ಕಡಲೋ ಹೊಳೆಯೋ ಅಂತ ಮೊದಲು ಕೇಳಿ. ಬೇಕಲದ ಸುತ್ತ ಹೊಳೆಗಳು ಕಡಲು ಸೇರುವ ಜಾಗದಲ್ಲಿ ರೆಸಾರ್ಟ್‌ಗಳಿವೆ. ಫೋಟೋದಲ್ಲಿ ನೀಲಿ ನೀರು ಕಾಣುತ್ತದೆ, ಬಂದು ನೋಡಿದರೆ ಹೊಳೆ. ನೋಡಲು ತುಂಬಾ ಚಂದ, ಆದರೆ ಅಳಿವೆ ಬಾಯಲ್ಲಿ ಮಕ್ಕಳನ್ನು ಇಳಿಸಲೇಬಾರದು. ಇಳಿತದ ಹೊತ್ತಿಗೆ ಹೊಳೆಯ ನೀರೆಲ್ಲ ಕಡಲಿಗೆ ಎಳೆಯುತ್ತಿರುತ್ತದೆ.

ಆಮೇಲೆ ರೂಮಿನಿಂದ ಮರಳಿಗೆ ಎಷ್ಟು ಹೆಜ್ಜೆ, ನಡುವೆ ಮೆಟ್ಟಿಲು ಎಷ್ಟು, ದಡದಲ್ಲಿ ಜೀವರಕ್ಷಕರು ಯಾವ ಹೊತ್ತಿಗೆ ಇರ್ತಾರೆ ಅಂತ ಕೇಳಿ. ಅತ್ತೆಯವರಿಗೆ ನೆಲಮಹಡಿಯ ರೂಮು ಬೇಕು ಅಂತ ಬರವಣಿಗೆಯಲ್ಲೇ ಹೇಳಿಸಿಕೊಳ್ಳಿ. ಒಂದು ತೆಳು ಸ್ವೆಟರ್ ಅವರಿಗೆ ತನ್ನಿ. ಡಿಸೆಂಬರ್ ಬೆಳಗಿನ ಮೂಡುಗಾಳಿ ಮಂಡಿಗೆ ಸ್ವಲ್ಪ ತಾಗುತ್ತದೆ.