ಅಪ್‌ಡೇಟ್: ಅಮ್ಮನ ಬೆರಳು ಊತಕ್ಕೆ ಕಾರಣ ಸಿಕ್ಕಿತು

ಅಮ್ಮನ ಒಂದು ಬೆರಳು ಬುಡದಿಂದ ತುದಿವರೆಗೆ ಊದಿದೆ, ಹಿಮ್ಮಡಿ ನೋವು ಬೇರೆ, ಆದರೆ ಆರ್‌ಎ ಫ್ಯಾಕ್ಟರ್ (ರುಮಟಾಯ್ಡ್ ಸಂಧಿವಾತಕ್ಕೆ ನೋಡುವ ರಕ್ತದ ಟೆಸ್ಟ್) ನೆಗೆಟಿವ್, ಯೂರಿಕ್ ಆಸಿಡ್ (ಗೌಟ್ ಅನ್ನೋ ಕೀಲುನೋವಿಗೆ ನೋಡೋದು) ನಾರ್ಮಲ್, ಏನಿರಬಹುದು ಅಂತ ಕೇಳಿದ್ದೆ. ರುಮಟಾಲಜಿಸ್ಟ್ (ಸಂಧಿವಾತದ ತಜ್ಞರು) ಹತ್ತಿರ ಹೋಗಿ ಅಂದವರಿಗೆಲ್ಲ ಥ್ಯಾಂಕ್ಸ್.

ಡಾಕ್ಟರು ಫೈಲ್ ಪಕ್ಕಕ್ಕಿಟ್ಟು ಮೊದಲು ನೋಡಿದ್ದು ಉಗುರು. ಸೂಜಿ ಚುಚ್ಚಿದ ಹಾಗೆ ಸಣ್ಣ ಸಣ್ಣ ಗುಳಿಗಳಿದ್ದವು. ಆಮೇಲೆ ಕಿವಿ ಹಿಂದೆ ಕೂದಲು ಸರಿಸಿದರು. ಹೊಟ್ಟು ಅಂತ ಅಮ್ಮ ಎಣ್ಣೆ ಹಚ್ಚುತ್ತಿದ್ದ ಜಾಗ ಸೋರಿಯಾಸಿಸ್ (ಚರ್ಮ ದಪ್ಪಗಾಗಿ ಹೊಟ್ಟು ಏಳುವ ಕಾಯಿಲೆ) ಅಂತೆ. ಕೀಲಿನದು ಸೋರಿಯಾಟಿಕ್ ಆರ್ಥ್ರೈಟಿಸ್, ಅಂದರೆ ಸೋರಿಯಾಸಿಸ್ ಜೊತೆ ಬರುವ ಸಂಧಿವಾತ. ಇದರಲ್ಲಿ ಆರ್‌ಎ ಫ್ಯಾಕ್ಟರ್ ಸಾಮಾನ್ಯವಾಗಿ ನೆಗೆಟಿವ್ವೇ ಇರುತ್ತದೆ.

ಮೆಥೋಟ್ರೆಕ್ಸೇಟ್ ಅನ್ನೋ ಮಾತ್ರೆ ಶುರುವಾಗಿದೆ. ವಾರಕ್ಕೆ ಒಂದೇ ದಿನ. ಮರೆತು ದಿನಾ ನುಂಗಿದರೆ ಜೀವಕ್ಕೇ ಅಪಾಯ, ಅದಕ್ಕೇ ಕ್ಯಾಲೆಂಡರಿನಲ್ಲಿ ಬುಧವಾರಕ್ಕೆಲ್ಲ ಸುತ್ತು ಹಾಕಿದ್ದೇನೆ. ಅದರ ಅಡ್ಡ ಪರಿಣಾಮ ತಗ್ಗಿಸುವ ಫೋಲಿಕ್ ಆಸಿಡ್ ಮಾತ್ರೆ ಬೇರೆ ದಿನ. ಲಿವರ್, ರಕ್ತದ ಟೆಸ್ಟ್ ಆಗಾಗ ಮಾಡಿಸಬೇಕು. ಮಾತ್ರೆಯ ಪೂರ್ತಿ ಪರಿಣಾಮ ಕಾಣಲು 3 ತಿಂಗಳೂ ಹಿಡಿಯಬಹುದು. ಇದಕ್ಕೆ ಬಗ್ಗದಿದ್ದರೆ ಬಯೋಲಾಜಿಕ್ ಇಂಜೆಕ್ಷನ್ (ರೋಗನಿರೋಧಕ ಶಕ್ತಿಯ ಅತಿರೇಕ ತಡೆಯುವ ಔಷಧ), ಅದು ಒಳಗೆ ಅಡಗಿರುವ ಟಿಬಿಯನ್ನು ಎಬ್ಬಿಸಬಹುದು ಅಂತ ಅದಕ್ಕೂ ಮುಂಚೆ ಟಿಬಿ ಟೆಸ್ಟ್.

ಬೆಳಗಿನ ಬಿಗಿತ ಈಗ ಸ್ವಲ್ಪ ಕಮ್ಮಿ. ಮೊನ್ನೆ ಚಪಾತಿ ಹಿಟ್ಟು ತಾವೇ ನಾದಿದರು. ಬದನೆಕಾಯಿ ತಿನ್ನೋದು ಬಿಡಿಸಿ ಅಂತ ಇಲ್ಲಿ ಕೆಲವರು ಅಂದಿದ್ರಲ್ಲ, ಡಾಕ್ಟರು ಅಂಥ ಪಥ್ಯ ಏನೂ ಹೇಳಲಿಲ್ಲ, ತೂಕ ಇಳಿಸಿ ಅಂದರು ಅಷ್ಟೇ. ಎಣ್ಣೆಗಾಯಿ ಮುಂದುವರಿದಿದೆ, ಎಣ್ಣೆ ಮಾತ್ರ ಕಮ್ಮಿ!